ಟವರ್‌ಗೆ ಫೋನ್ ಹೇಳುವ ಸುದ್ದಿ: ಚಾನೆಲ್ ಫೀಡ್‌ಬ್ಯಾಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲ್ ನೆಟ್‌ವರ್ಕ್ ಬಗ್ಗೆ ಹೇಳಿಕೊಡುವಾಗ ನನಗೆ ಜಾಸ್ತಿ ಪ್ರಶ್ನೆ ಬರುವುದು ಈ ವಿಷಯದಲ್ಲೇ. ಆಂಟೆನಾ ಕಣ್ಣಿಗೆ ಕಾಣುತ್ತದೆ. ಸ್ಪೀಡ್ ಫೋನಿನಲ್ಲಿ ಕಾಣುತ್ತದೆ. ಇವೆರಡರ ನಡುವೆ ಫೋನ್ ಸದ್ದಿಲ್ಲದೆ ಟವರ್‌ಗೆ ಕಳಿಸುವ ನಾಲ್ಕಾರು ಬಿಟ್‌ಗಳು ಮಾತ್ರ ಯಾರಿಗೂ ಕಾಣುವುದಿಲ್ಲ. ಆದರೆ ಟವರಿನ ಮೇಲೆ ಎಷ್ಟೇ ಆಂಟೆನಾ ಇರಲಿ, ಅವು ಕೆಲಸಕ್ಕೆ ಬರುವುದು ಆ ಸುದ್ದಿ ಸರಿಯಾಗಿ, ಸಮಯಕ್ಕೆ ತಲುಪಿದಾಗ. ಎಂಜಿನಿಯರಿಂಗ್ ಓದುತ್ತಿರುವವರು, ಟೆಲಿಕಾಂ ಕೆಲಸಕ್ಕೆ ಹೊಸದಾಗಿ ಸೇರಿದವರು, ಸುಮ್ನೆ ಕುತೂಹಲಕ್ಕೆ ಕೇಳುವವರು, ಎಲ್ಲರನ್ನೂ ನೆನೆದು ಇದನ್ನು ಬರೆದಿದ್ದೇನೆ.

ಇಲ್ಲಿ ಚಾನೆಲ್ ಅಂದರೆ ಏನು?

ಟವರಿನ ಒಂದು ಆಂಟೆನಾದಿಂದ ಹೊರಟ ಸಿಗ್ನಲ್ ನಿಮ್ಮ ಫೋನಿನ ಒಂದು ಆಂಟೆನಾ ಸೇರುವಷ್ಟರಲ್ಲಿ ಏನೇನಾಯಿತು ಅನ್ನುವ ಲೆಕ್ಕವೇ ಚಾನೆಲ್. ಸಿಗ್ನಲ್ ನೇರ ದಾರಿಯಲ್ಲಷ್ಟೇ ಬರುವುದಿಲ್ಲ. ಎದುರು ಮನೆಯ ಗೋಡೆಗೆ ತಗುಲಿ ಒಂದು ಪಾಲು ಬರುತ್ತದೆ. ತಾರಸಿಯ ಮೇಲಿನ ನೀರಿನ ಟ್ಯಾಂಕಿಗೆ ತಗುಲಿ ಇನ್ನೊಂದು ಪಾಲು, ರಸ್ತೆಯಲ್ಲಿ ಹೋಗುವ ಬಸ್ಸಿಗೆ ತಗುಲಿ ಮತ್ತೊಂದು. ಇವೆಲ್ಲ ಫೋನಿನ ಹತ್ತಿರ ಒಟ್ಟು ಸೇರುತ್ತವೆ. ಅಲೆಯ ಏರಿಗೆ ಏರು ಕೂಡಿದರೆ ಸಿಗ್ನಲ್ ಬಲವಾಗುತ್ತದೆ. ಏರಿಗೆ ಇಳಿತ ಸಿಕ್ಕರೆ ಕರಗಿಹೋಗುತ್ತದೆ.

5ಜಿ ಹೆಚ್ಚಾಗಿ ಬಳಸುವ 3.5 ಗಿಗಾಹರ್ಟ್ಜ್‌ನಲ್ಲಿ ಒಂದು ಅಲೆಯ ಉದ್ದ ಸುಮಾರು 8.6 ಸೆಂಟಿಮೀಟರ್. ಹಾಗಾಗಿ ಫೋನನ್ನು ಮೇಜಿನ ಮೇಲೆ ಅರ್ಧ ಗೇಣು ಸರಿಸಿದರೂ ಲೆಕ್ಕ ಬದಲಾಗುತ್ತದೆ. ಟವರಿನಲ್ಲಿ 4 ಆಂಟೆನಾ, ಫೋನಿನಲ್ಲಿ 2 ಆಂಟೆನಾ ಇದ್ದರೆ ಇಂಥ ದಾರಿಗಳು 8. ಒಂದೊಂದು ದಾರಿಗೂ ಎರಡೆರಡು ಅಂಕಿ ಬೇಕು: ಸಿಗ್ನಲ್ ಎಷ್ಟು ಬಲವಾಗಿ ಬಂತು, ಅಲೆ ಎಷ್ಟು ಹಿಂದೆ ಮುಂದೆ ಸರಿಯಿತು. ಈ ಎರಡನೆಯದಕ್ಕೆ ಫೇಸ್ ಅನ್ನುತ್ತಾರೆ.

ಅದು ಟವರ್‌ಗೆ ಯಾಕೆ ಗೊತ್ತಿರಬೇಕು?

ನಾಲ್ಕು ಜನ ಸೇರಿ ಕೆಸರಲ್ಲಿ ಹೂತ ಗಾಡಿ ತಳ್ಳುವುದನ್ನು ನೆನೆಸಿಕೊಳ್ಳಿ. 'ಐಸಾ' ಅಂದಾಗ ಒಟ್ಟಿಗೆ ತಳ್ಳಿದರೆ ಗಾಡಿ ಮೇಲೆ ಬರುತ್ತದೆ. ಒಬ್ಬೊಬ್ಬರು ಒಂದೊಂದು ಗಳಿಗೆಗೆ ತಳ್ಳಿದರೆ ನಾಲ್ಕು ಜನ ಇದ್ದೂ ಪ್ರಯೋಜನ ಇಲ್ಲ. ಆಂಟೆನಾಗಳೂ ಹಾಗೆಯೇ. ನಾಲ್ಕೂ ಆಂಟೆನಾದ ಅಲೆಗಳು ನಿಮ್ಮ ಫೋನಿನ ಹತ್ತಿರ ಏರಿಗೆ ಏರು ಕೂಡುವಂತೆ ಟವರ್ ಮೊದಲೇ ಫೇಸ್ ಹೊಂದಿಸಿ ಕಳಿಸಬೇಕು. ಹೊಂದಿಸಲು ದಾರಿಯ ಲೆಕ್ಕ ಗೊತ್ತಿರಬೇಕು.

ಗೊತ್ತಿದ್ದರೆ ಅದೇ ವಿದ್ಯುತ್ತಿನಲ್ಲಿ 4 ಆಂಟೆನಾದಿಂದ ಸರಾಸರಿ 4 ಪಟ್ಟು ಬಲ ಸಿಗುತ್ತದೆ, ಅಂದರೆ 6 ಡಿಬಿ (ಡೆಸಿಬೆಲ್; ಬಲ ಎರಡು ಪಟ್ಟಾದಾಗಲೆಲ್ಲ ಈ ಅಳತೆಗೆ ಸುಮಾರು 3 ಕೂಡುತ್ತದೆ). 64 ಆಂಟೆನಾ ಇದ್ದರೆ 18 ಡಿಬಿ. ಏನೂ ಗೊತ್ತಿಲ್ಲದೆ ಕಳಿಸಿದರೆ ಈ ಲಾಭ ಸೊನ್ನೆ.

ಈ ಬಹು-ಆಂಟೆನಾ ವಿದ್ಯೆ ಎಲ್ಲಿಂದ ಶುರುವಾಯಿತು?

ಇದಕ್ಕೆ ಮೈಮೋ ಅನ್ನುವ ಹೆಸರು ಬಳಕೆಯಲ್ಲಿದೆ. ಒಂದೇ ತರಂಗಾಂತರದಲ್ಲಿ ಬೇರೆ ಬೇರೆ ಆಂಟೆನಾದಿಂದ ಬೇರೆ ಬೇರೆ ಡೇಟಾ ಕಳಿಸಬಹುದು ಎಂಬ ವಿಚಾರಕ್ಕೆ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಆರೋಗ್ಯಸ್ವಾಮಿ ಪೌಲ್‌ರಾಜ್ ಮತ್ತು ಥಾಮಸ್ ಕೈಲಾತ್ 1992ರಲ್ಲೇ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು. ಪೌಲ್‌ರಾಜ್ ಹುಟ್ಟಿದ್ದು ತಮಿಳುನಾಡಿನ ಪೊಳ್ಳಾಚಿಯಲ್ಲಿ. ನೌಕಾಪಡೆಯಲ್ಲಿದ್ದಾಗ ಸೋನಾರ್ ಕಟ್ಟಿದವರು. ನಮ್ಮ ಬೆಂಗಳೂರಿಗೂ ಅವರಿಗೂ ನಂಟಿದೆ. ಇಲ್ಲಿನ ರಕ್ಷಣಾ ಪ್ರಯೋಗಾಲಯ ಸಿಎಐಆರ್ ಶುರುವಾದಾಗ ಅದರ ಮೊದಲ ನಿರ್ದೇಶಕರು ಅವರೇ. 2014ರಲ್ಲಿ ಅವರಿಗೆ ಮಾರ್ಕೋನಿ ಪ್ರಶಸ್ತಿ ಬಂತು.

ಆಮೇಲೆ ಬೆಲ್ ಲ್ಯಾಬ್ಸ್‌ನ ಎಮ್ರೆ ತೆಲತಾರ್ 1995ರಲ್ಲಿ, ಜೆರಾರ್ಡ್ ಫೊಶಿನಿ 1996ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಎರಡೂ ಕಡೆ ಆಂಟೆನಾ ಹೆಚ್ಚಿಸುತ್ತಾ ಹೋದರೆ ಸಾಮರ್ಥ್ಯವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಅವರ ಲೆಕ್ಕದಲ್ಲಿ ಕಳಿಸುವವರಿಗೆ ಚಾನೆಲ್ ಗೊತ್ತಿರಲೇಬೇಕೆಂದಿರಲಿಲ್ಲ, ಕೇಳುವವರಿಗೆ ಗೊತ್ತಿದ್ದರೆ ಸಾಕಿತ್ತು. ಆದರೆ ಅಲ್ಲಿ ಎರಡೂ ಕಡೆ ಬೇಕಾದಷ್ಟು ಆಂಟೆನಾ ಇದ್ದವು. ನಮ್ಮ ಮೊಬೈಲ್ ಪರಿಸ್ಥಿತಿ ಬೇರೆ. ಟವರಿನಲ್ಲಿ 64, ಕೈಯಲ್ಲಿರುವ ಫೋನಿನಲ್ಲಿ 2 ಅಥವಾ 4. ಈ ಅಸಮಾನತೆ ಇರುವ ಕಡೆಯಲ್ಲೇ ಫೀಡ್‌ಬ್ಯಾಕ್‌ಗೆ ಬೆಲೆ ಬರುವುದು.

ಫೋನ್ ನಿಜವಾಗಿ ಏನೇನು ಕಳಿಸುತ್ತದೆ?

ಮುಖ್ಯವಾಗಿ ಮೂರು ವಿಷಯ.

ಮೊದಲನೆಯದು ಸಿಕ್ಯೂಐ. 'ಸದ್ಯ ನನಗೆ ಇಷ್ಟು ವೇಗದಲ್ಲಿ ಕಳಿಸಿದರೆ ಅರ್ಥಮಾಡಿಕೊಳ್ಳಬಲ್ಲೆ' ಅನ್ನುವ ಒಂದು ಅಂಕಿ. 4ಜಿಯಲ್ಲಿ ಇದಕ್ಕೆ 4 ಬಿಟ್, ಅಂದರೆ 0ಯಿಂದ 15ರವರೆಗೆ. 0 ಅಂದರೆ ಏನೂ ಆಗುವುದಿಲ್ಲ ಅಂತ. 4ಜಿಯ ಮೊದಲ ಪಟ್ಟಿಯಲ್ಲಿ 1 ಅಂದರೆ ಪ್ರತಿ ಸಿಂಬಲ್‌ಗೆ (ಒಂದು ಸಲಕ್ಕೆ ಕಳಿಸುವ ಸಿಗ್ನಲ್ ತುಣುಕಿಗೆ) 0.15 ಬಿಟ್, 15 ಅಂದರೆ 5.55 ಬಿಟ್. ಎರಡರ ನಡುವೆ 36 ಪಟ್ಟು ವ್ಯತ್ಯಾಸ! ಫೋನ್ ಈ ಅಂಕಿಯನ್ನು ತನಗೆ ತೋಚಿದಂತೆ ಕೊಡುವ ಹಾಗಿಲ್ಲ. ಆ ವೇಗದಲ್ಲಿ ಕಳಿಸಿದ 100 ಡೇಟಾ ಬ್ಲಾಕ್‌ಗಳಲ್ಲಿ ಮೊದಲ ಸಲಕ್ಕೇ ಹಾಳಾಗುವುದು 10ನ್ನು ಮೀರಬಾರದು. ಈ ಷರತ್ತಿಗೆ ಒಪ್ಪುವ ಅತಿ ದೊಡ್ಡ ಅಂಕಿಯನ್ನೇ ಅದು ಹೇಳಬೇಕು.

ಎರಡನೆಯದು ಆರ್‌ಐ. ಒಂದೇ ಹೊತ್ತಿಗೆ ಎಷ್ಟು ಬೇರೆ ಬೇರೆ ಡೇಟಾ ಧಾರೆಗಳನ್ನು ಫೋನ್ ಬಿಡಿಸಿಕೊಳ್ಳಬಲ್ಲದು ಅಂತ ಇದು ಹೇಳುತ್ತದೆ. ಇದಕ್ಕೆ ರ‍್ಯಾಂಕ್ ಅಂತಲೂ ಕರೆಯುತ್ತಾರೆ.

ಮೂರನೆಯದು ಪಿಎಂಐ. ಆಂಟೆನಾಗಳ ಫೇಸ್ ಹೇಗೆ ಹೊಂದಿಸಿದರೆ ನನಗೆ ಒಳ್ಳೆಯದು ಅನ್ನುವ ಸಲಹೆ. ಈ ಲೇಖನದ ಜೀವಾಳ ಇದೇ.

ವೇಗದ ಫೀಡ್‌ಬ್ಯಾಕ್ ಹೊಸದೇನಲ್ಲ. ಹಿಂದೆ ಲ್ಯಾಪ್‌ಟಾಪ್‌ಗೆ ಚುಚ್ಚುತ್ತಿದ್ದ ಇವಿ-ಡಿಒ ಡಾಂಗಲ್‌ಗಳು ನೆನಪಿವೆಯಾ? ಅವೂ ಸೆಕೆಂಡಿಗೆ 600 ಸಲ ತಮಗೆ ಬೇಕಾದ ವೇಗವನ್ನು ಟವರ್‌ಗೆ ಹೇಳುತ್ತಿದ್ದವು. ಹೊಸದಾಗಿ ಸೇರಿದ್ದು ಆಂಟೆನಾ ಹೊಂದಿಸುವ ಸಲಹೆ.

ಆ ಸಲಹೆ ಕೆಲವೇ ಬಿಟ್‌ಗಳಲ್ಲಿ ಹೇಗೆ ಹಿಡಿಸುತ್ತದೆ?

ಕೋಡ್‌ಬುಕ್‌ನಿಂದ. ಬೆಂಗಳೂರಿನವರಿಗೆ '500ಡಿ ಹತ್ತು' ಅಂದರೆ ಸಾಕು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ರಿಂಗ್ ರೋಡಿನ ಒಂದೊಂದು ತಿರುವನ್ನೂ ಹೇಳಬೇಕಿಲ್ಲ. ಯಾಕೆಂದರೆ ಆ ನಂಬರಿಗೆ ಯಾವ ದಾರಿ ಅಂತ ಇಬ್ಬರಿಗೂ ಮೊದಲೇ ಗೊತ್ತು. ಕೋಡ್‌ಬುಕ್ಕೂ ಹಾಗೇ. ಆಂಟೆನಾ ಹೊಂದಿಸುವ ಕೆಲವು ಆಯ್ದ ಕ್ರಮಗಳನ್ನು ಮೊದಲೇ ಪಟ್ಟಿ ಮಾಡಿ ಟವರಿಗೂ ಫೋನಿಗೂ ಕೊಟ್ಟಿರುತ್ತಾರೆ. ಫೋನ್ ಚಾನೆಲ್ ಅಳೆದು ನೋಡಿ, ಪಟ್ಟಿಯಲ್ಲಿ ತನಗೆ ಹೆಚ್ಚು ಹೊಂದುವ ನಂಬರ್ ಮಾತ್ರ ಕಳಿಸುತ್ತದೆ.

4ಜಿಯಲ್ಲಿ ಟವರ್‌ಗೆ 4 ಆಂಟೆನಾ ಇದ್ದರೆ ಪಟ್ಟಿಯಲ್ಲಿ 16 ಕ್ರಮಗಳು, ನಂಬರ್‌ಗೆ 4 ಬಿಟ್. ಎಲ್ಲಿಗೆ ಹೋಗಬೇಕೋ ಸರಿಯಾಗಿ ಅಲ್ಲಿಗೇ ಬಿಡುವ ಬಸ್ಸು ಇರುವುದಿಲ್ಲ. ಹತ್ತಿರದ ಸ್ಟಾಪ್‌ನಲ್ಲಿ ಇಳಿದು ನಡೆಯಬೇಕು. ಆ ನಡೆಯುವ ದೂರವೇ ಇಲ್ಲಿ ಕಳೆದುಹೋಗುವ ಬಲ. ಪಟ್ಟಿ ಉದ್ದ ಮಾಡಿದಷ್ಟೂ ನಡಿಗೆ ಕಮ್ಮಿ, ಆದರೆ ನಂಬರ್ ಹೇಳಲು ಬೇಕಾದ ಬಿಟ್ ಜಾಸ್ತಿ.

ಇಷ್ಟೆಲ್ಲ ಯಾಕೆ? ಅಳೆದ ಚಾನೆಲ್ಲನ್ನೇ ಪೂರ್ತಿ ಕಳಿಸಬಾರದಾ?

ಒಂದು ಲೆಕ್ಕ ಮಾಡೋಣ. 5ಜಿ ಟವರಿನಿಂದ 32 ಪೋರ್ಟ್‌ಗಳ ಅಳತೆ (ಫೋನಿಗೆ ಒಂದು ಆಂಟೆನಾದಂತೆ ಕಾಣುವುದೇ ಒಂದು ಪೋರ್ಟ್), ಫೋನಿನಲ್ಲಿ 4 ಆಂಟೆನಾ ಅಂದುಕೊಳ್ಳಿ. 100 ಮೆಗಾಹರ್ಟ್ಜ್ ಅಗಲದ ಬ್ಯಾಂಡನ್ನು 18 ತುಂಡು ಮಾಡಿದ್ದೇವೆ, ಯಾಕೆಂದರೆ ಒಂದೊಂದು ತುಂಡಿನಲ್ಲೂ ಚಾನೆಲ್ ಬೇರೆ. ಒಂದೊಂದು ದಾರಿಗೂ ಎರಡು ಅಂಕಿ, ಒಂದೊಂದು ಅಂಕಿಗೂ 8 ಬಿಟ್. ಗುಣಿಸಿದರೆ 36,864 ಬಿಟ್. ಇದನ್ನು 10 ಮಿಲಿಸೆಕೆಂಡಿಗೆ ಒಮ್ಮೆ ಕಳಿಸಿದರೆ ಒಂದು ಫೋನಿನಿಂದಲೇ ಸೆಕೆಂಡಿಗೆ ಸುಮಾರು 3.7 ಮೆಗಾಬಿಟ್ ಬರೀ ವರದಿ. ಅಂಥ 100 ಫೋನ್ ಇದ್ದರೆ 370 ಮೆಗಾಬಿಟ್. ವಿಡಿಯೋ ಕಾಲ್ ಮಾಡುವವರಿಗೆ, ಫೋಟೋ ಕಳಿಸುವವರಿಗೆ ಅಪ್‌ಲಿಂಕ್‌ನಲ್ಲಿ, ಅಂದರೆ ಫೋನಿನಿಂದ ಟವರಿಗೆ ಹೋಗುವ ದಾರಿಯಲ್ಲಿ, ಜಾಗವೇ ಉಳಿಯುವುದಿಲ್ಲ.

ಎಷ್ಟು ಕಮ್ಮಿಯಲ್ಲಿ ಮುಗಿಸುತ್ತಾರೆ ಗೊತ್ತಾ? 4ಜಿಯಲ್ಲಿ ಕಂಟ್ರೋಲ್ ಚಾನೆಲ್ (ಇಂಥ ಸುದ್ದಿಗೆಂದೇ ಮೀಸಲಿಟ್ಟ ಜಾಗ) ಮೇಲೆ ಆಗಾಗ ಹೋಗುವ ಒಂದು ವರದಿ ಹೆಚ್ಚೆಂದರೆ 11 ಬಿಟ್. ದೊಡ್ಡ ವರದಿ ಬೇಕೆನಿಸಿದರೆ ಟವರ್ ತಾನಾಗಿ ಕೇಳಿ ತರಿಸಿಕೊಳ್ಳುತ್ತದೆ.

ಇನ್ನೊಂದು ಖರ್ಚನ್ನು ಜನ ಮರೆತೇಬಿಡುತ್ತಾರೆ. ಫೋನ್ ಅಳೆಯಬೇಕಾದರೆ ಟವರ್ ಒಂದೊಂದು ಪೋರ್ಟ್‌ನಿಂದಲೂ ಮೊದಲೇ ಗೊತ್ತಿರುವ ಸಿಗ್ನಲ್ ಕಳಿಸಬೇಕು. ಆ ಹೊತ್ತಿನಲ್ಲಿ ಆ ಜಾಗದಲ್ಲಿ ಯಾರ ಡೇಟಾನೂ ಹೋಗುವುದಿಲ್ಲ.

ಒಬ್ಬ ಬಳಕೆದಾರನಿಗೆ 4 ಬಿಟ್ ಸಾಕಾದರೆ, ಎಲ್ಲರಿಗೂ ಅಷ್ಟೇ ಸಾಕಲ್ವಾ?

ಸಾಲದು. ನನಗೆ ಅತಿ ಇಷ್ಟವಾದ ಪ್ರಶ್ನೆ ಇದು.

ಒಬ್ಬರಿಗೇ ಕಳಿಸುವಾಗ ಬೀಮ್, ಅಂದರೆ ಆಂಟೆನಾಗಳು ಕೂಡಿ ಒಂದು ಕಡೆಗೆ ಹಾಯಿಸುವ ಸಿಗ್ನಲ್, ಸ್ವಲ್ಪ ಪಕ್ಕಕ್ಕೆ ಹೋದರೆ ಆಗುವ ನಷ್ಟ ಸಣ್ಣದು. ಬಲ ಒಂಚೂರು ಕಡಿಮೆಯಾಗುತ್ತದೆ, ಅಷ್ಟೇ. ಆದರೆ ಒಂದೇ ಗಳಿಗೆಯಲ್ಲಿ, ಒಂದೇ ತರಂಗಾಂತರದಲ್ಲಿ ನಾಲ್ಕು ಫೋನ್‌ಗಳಿಗೆ ನಾಲ್ಕು ಬೇರೆ ಡೇಟಾ ಕಳಿಸುವಾಗ ಕಥೆಯೇ ಬೇರೆ. ಆಗ ಟವರ್ ಎರಡು ಕೆಲಸ ಮಾಡಬೇಕು. ನಿಮ್ಮ ಡೇಟಾ ನಿಮ್ಮ ಫೋನಿನ ಹತ್ತಿರ ಬಲವಾಗಿ ಕೂಡಬೇಕು. ಅದೇ ಡೇಟಾ ಉಳಿದ ಮೂರೂ ಫೋನ್‌ಗಳ ಹತ್ತಿರ ಕರಗಿಹೋಗಬೇಕು. ಬಲ ಕೂಡಿಸುವುದು ಸುಲಭ, ಕರಗಿಸುವುದು ಕಷ್ಟ. ಏರಿಗೆ ಇಳಿತ ಕರಾರುವಾಕ್ಕಾಗಿ ಸಿಕ್ಕರೆ ಮಾತ್ರ ಅದು ಸೊನ್ನೆಯಾಗುತ್ತದೆ. ಲೆಕ್ಕ ಒಂಚೂರು ತಪ್ಪಿದರೂ ನಿಮ್ಮ ಡೇಟಾ ಪಕ್ಕದವರ ಫೋನಿಗೆ ಸೋರಿ ಅಲ್ಲಿ ಗದ್ದಲವಾಗುತ್ತದೆ.

ಆಮೇಲಿನದು ಇನ್ನೂ ಕಷ್ಟದ್ದು. ಟವರಿನ ಬಲ ಹೆಚ್ಚಿಸಿದರೆ ಸೋರಿಕೆಯೂ ಅಷ್ಟೇ ಹೆಚ್ಚುತ್ತದೆ. ಫೀಡ್‌ಬ್ಯಾಕ್ ಬಿಟ್‌ಗಳನ್ನು ಇದ್ದಷ್ಟೇ ಇಟ್ಟು ಬಲ ಹೆಚ್ಚಿಸುತ್ತಾ ಹೋದರೆ ಒಂದು ಹಂತದ ಮೇಲೆ ಒಟ್ಟು ಸಾಮರ್ಥ್ಯ ಏರುವುದೇ ಇಲ್ಲ. ನಿಹಾರ್ ಜಿಂದಾಲ್ 2006ರ ತಮ್ಮ ಪ್ರಬಂಧದಲ್ಲಿ ಇದಕ್ಕೆ ಸರಳವಾದ ಸೂತ್ರ ಕೊಟ್ಟರು. ಫೋನಿಗೆ ಒಂದೇ ಆಂಟೆನಾ ಇದೆ ಅಂದುಕೊಂಡರೆ, ಒಂದೊಂದು ಫೋನಿಗೂ ಬೇಕಾದ ಬಿಟ್ ಹೀಗೆ: ಟವರಿನ ಆಂಟೆನಾ ಸಂಖ್ಯೆಯಿಂದ ಒಂದು ಕಳೆಯಿರಿ, ಡಿಬಿ ಲೆಕ್ಕದಲ್ಲಿರುವ ಸಿಗ್ನಲ್ ಬಲದಿಂದ ಗುಣಿಸಿ, 3ರಿಂದ ಭಾಗಿಸಿ. 4 ಆಂಟೆನಾ, 10 ಡಿಬಿ ಇದ್ದರೆ 10 ಬಿಟ್. 20 ಡಿಬಿ ಇದ್ದರೆ 20 ಬಿಟ್. 8 ಆಂಟೆನಾ, 20 ಡಿಬಿ ಅಂದರೆ ಸುಮಾರು 47 ಬಿಟ್. ಇಷ್ಟು ಕೊಟ್ಟರೆ ಚಾನೆಲ್ ಪೂರ್ತಿ ಗೊತ್ತಿದ್ದಾಗ ಸಿಗುವುದಕ್ಕಿಂತ 3 ಡಿಬಿಗಿಂತ ಹೆಚ್ಚು ಹಿಂದೆ ಬೀಳುವುದಿಲ್ಲ.

ಇದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಒಂದೇ ಮಾತು. ಸಿಗ್ನಲ್ ಚೆನ್ನಾಗಿರುವ ಫೋನ್ ಹೆಚ್ಚು ಬಿಟ್ ಕಳಿಸಬೇಕು, ಕಡಿಮೆ ಅಲ್ಲ. ಸಿಗ್ನಲ್ ಚೆನ್ನಾಗಿದೆ ಅಂತ ವರದಿ ಕಡಿಮೆ ಮಾಡಿದರೆ ಸಿಗಬೇಕಾದ ಲಾಭವನ್ನು ನಾವೇ ಬಿಟ್ಟುಕೊಟ್ಟ ಹಾಗೆ.

ಹಾಗಾದರೆ ಜನಜಂಗುಳಿಯಲ್ಲಿ ಇದು ಬಹಳ ಉಪಯೋಗವೇ?

ಜನ ಹೇಗೆ ನಿಂತಿದ್ದಾರೆ ಅನ್ನುವುದರ ಮೇಲಿದೆ. ಮೈಸೂರಿನಲ್ಲಿ ಜಂಬೂ ಸವಾರಿ ದಿನ ಸಯ್ಯಾಜಿರಾವ್ ರಸ್ತೆಯನ್ನು ನೆನೆಸಿಕೊಳ್ಳಿ. ಭುಜಕ್ಕೆ ಭುಜ ತಾಗಿಸಿ ನಿಂತವರೆಲ್ಲ ಆನೆ ಕಡೆ ಫೋನ್ ಎತ್ತಿದ್ದಾರೆ. ದೂರದ ಟವರಿನಿಂದ ನೋಡಿದರೆ ಪಕ್ಕಪಕ್ಕದ ಇಬ್ಬರೂ ಒಂದೇ ದಿಕ್ಕು. ಒಬ್ಬರ ಹತ್ತಿರ ಕೂಡಿಸಿ ಇನ್ನೊಬ್ಬರ ಹತ್ತಿರ ಕರಗಿಸುವುದು ಬಹಳ ಕಷ್ಟ, ವರದಿ ಎಷ್ಟೇ ಚೆನ್ನಾಗಿರಲಿ. ಆದರೆ ರಸ್ತೆಯ ಈ ತುದಿಯವರನ್ನೂ ಆ ತುದಿಯವರನ್ನೂ ಜೋಡಿ ಮಾಡಬಹುದು. ಮಹಡಿ ಮೇಲೆ ನಿಂತವರನ್ನು ಕೆಳಗಿರುವವರ ಜೊತೆ ಜೋಡಿ ಮಾಡಬಹುದು. ಯಾರನ್ನು ಯಾರ ಜೊತೆ ಕೂರಿಸಬೇಕು ಅಂತ ಟವರ್ ಆರಿಸುವುದೂ ಫೋನ್‌ಗಳ ವರದಿ ನೋಡಿಯೇ. ಜನ ಜಾಸ್ತಿ ಇದ್ದರೆ ಒಂದು ಅನುಕೂಲವೂ ಇದೆ: ಒಳ್ಳೆ ಜೋಡಿ ಸಿಗುವ ಸಾಧ್ಯತೆ ಹೆಚ್ಚು.

ಫೀಡ್‌ಬ್ಯಾಕ್‌ನಿಂದ ಸಾಮರ್ಥ್ಯ ಹೆಚ್ಚುವುದಿಲ್ಲ ಅಂತ ಶ್ಯಾನನ್ ಹೇಳಿದ್ದರಲ್ಲ?

ಹೇಳಿದ್ದರು, 1956ರಲ್ಲಿ. ಮಾಹಿತಿ ಸಿದ್ಧಾಂತ ಕಟ್ಟಿದ ಕ್ಲಾಡ್ ಶ್ಯಾನನ್ ಅವರೇ. ಪರೀಕ್ಷೆಯಲ್ಲಿ ಇದನ್ನು ಬರೆದ ಹುಡುಗರೇ ನನ್ನನ್ನು ಹೀಗೆ ಕೇಳುತ್ತಾರೆ. ಶ್ಯಾನನ್ ಮಾತು ಸರಿ, ಆದರೆ ಅದು ಬೇರೆ ಸಂದರ್ಭಕ್ಕೆ. ಅಲ್ಲಿ ಇರುವುದು ಒಬ್ಬ ಕಳಿಸುವವ, ಒಬ್ಬ ಕೇಳುವವ. ಚಾನೆಲ್‌ಗೆ ನೆನಪಿಲ್ಲ, ಅಂದರೆ ಹಿಂದೆ ಕಳಿಸಿದ್ದು ಈಗ ಕಳಿಸುವುದನ್ನು ಮುಟ್ಟುವುದಿಲ್ಲ. ಅದರ ಗುಣವೂ ಬದಲಾಗುವುದಿಲ್ಲ. 'ನನಗೆ ಏನು ಕೇಳಿಸಿತು' ಅಂತ ಕೇಳುವವ ವಾಪಸ್ ಹೇಳಿದರೂ ಅಂಥ ಕಡೆ ಸಾಮರ್ಥ್ಯ ಹೆಚ್ಚುವುದಿಲ್ಲ. ನಮ್ಮಲ್ಲಿ ಚಾನೆಲ್ ಗಳಿಗೆಗೊಮ್ಮೆ ಬದಲಾಗುತ್ತದೆ. ಅದು ಈಗ ಹೇಗಿದೆ ಅನ್ನುವುದು ಫೋನಿಗೆ ಗೊತ್ತು, ಟವರಿಗೆ ಗೊತ್ತಿಲ್ಲ. ಆ ಸುದ್ದಿ ತಲುಪಿದರೆ ಟವರ್ ಬೀಮನ್ನೇ ಬದಲಿಸುತ್ತದೆ. ಎರಡೂ ಬೇರೆ ಪ್ರಶ್ನೆಗಳು.

ಟಿಡಿಡಿ ಬ್ಯಾಂಡ್‌ನಲ್ಲಿ ಫೀಡ್‌ಬ್ಯಾಕ್ ಬೇಕಾಗಿಲ್ಲ ಅನ್ನುತ್ತಾರೆ, ನಿಜವೇ?

ಅರ್ಧ ನಿಜ. ಟಿಡಿಡಿಯಲ್ಲಿ ಫೋನ್ ಮತ್ತು ಟವರ್ ಒಂದೇ ತರಂಗಾಂತರದಲ್ಲಿ ಸರದಿ ಪ್ರಕಾರ ಮಾತಾಡುತ್ತವೆ. ಗಾಳಿಯಲ್ಲಿ ಹೋಗುವ ದಾರಿಯೂ ಬರುವ ದಾರಿಯೂ ಒಂದೇ. ಹಾಗಾಗಿ ಫೋನ್ ಒಂದು ಗೊತ್ತಿರುವ ಸಿಗ್ನಲ್ ಕಳಿಸಿದರೆ ಟವರ್ ತಾನೇ ಚಾನೆಲ್ ಅಳೆದುಕೊಳ್ಳಬಹುದು. ಈ ಸಿಗ್ನಲ್‌ಗೆ ಎಸ್‌ಆರ್‌ಎಸ್ ಅನ್ನುತ್ತಾರೆ. ಆಂಟೆನಾ ಎಷ್ಟೇ ಹೆಚ್ಚಿದರೂ ವರದಿಯ ಹೊರೆ ಹೆಚ್ಚುವುದಿಲ್ಲ. ಥಾಮಸ್ ಮಾರ್ಜೆಟ್ಟಾ 2010ರಲ್ಲಿ ನೂರಾರು ಆಂಟೆನಾದ ಮ್ಯಾಸಿವ್ ಮೈಮೋ ವಿಚಾರ ಮುಂದಿಟ್ಟಾಗ ಟಿಡಿಡಿಯನ್ನೇ ಹಿಡಿದಿದ್ದು ಇದಕ್ಕೇ.

ಭಾರತದಲ್ಲಿ 4ಜಿ 2012ರಲ್ಲಿ ಮೊದಲು ಕೋಲ್ಕತ್ತಾಗೆ, ಮರುತಿಂಗಳೇ ಬೆಂಗಳೂರಿಗೆ ಬಂತು. ಅದು 2300 ಮೆಗಾಹರ್ಟ್ಜ್‌ನ ಟಿಡಿಡಿಯಲ್ಲಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ 5ಜಿಯ 3.5 ಗಿಗಾಹರ್ಟ್ಜ್ ಕೂಡ ಟಿಡಿಡಿ. ಆದರೆ ಊರು, ಹಳ್ಳಿ, ಮನೆಯೊಳಗೆಲ್ಲ ನಮ್ಮನ್ನು ತಲುಪುವ 700, 850, 900, 1800, 2100 ಮೆಗಾಹರ್ಟ್ಜ್‌ಗಳೆಲ್ಲ ಎಫ್‌ಡಿಡಿ. ಅಲ್ಲಿ ಹೋಗುವ ತರಂಗಾಂತರ ಬೇರೆ, ಬರುವ ತರಂಗಾಂತರ ಬೇರೆ. ಫೋನ್ ಹೇಳದೆ ಟವರಿಗೆ ಪೂರ್ತಿ ಲೆಕ್ಕ ಸಿಗುವುದಿಲ್ಲ.

ಟಿಡಿಡಿಯಲ್ಲೂ ಫೋನಿನ ವರದಿ ಪೂರ್ತಿ ಬಿಡಲು ಆಗುವುದಿಲ್ಲ. ಫೋನಿನ ಪಕ್ಕ ಬೇರೆ ಟವರಿನ ಗದ್ದಲ ಎಷ್ಟಿದೆ ಅನ್ನುವುದು ಫೋನಿಗೆ ಮಾತ್ರ ಗೊತ್ತು. ಆದ್ದರಿಂದ ಸಿಕ್ಯೂಐ ಬೇಕೇ ಬೇಕು. ಫೋನಿನಲ್ಲಿ ಕೇಳುವ ಆಂಟೆನಾ 4 ಇದ್ದರೂ ಕಳಿಸುವ ಸರ್ಕ್ಯೂಟ್ 1 ಅಥವಾ 2 ಇರುತ್ತದೆ. ಒಂದೊಂದೇ ಆಂಟೆನಾಗೆ ಬದಲಿಸುತ್ತಾ ಎಸ್‌ಆರ್‌ಎಸ್ ಕಳಿಸಬೇಕು. ಜೊತೆಗೆ ಫೋನಿನ ಬಲ ಸಾಮಾನ್ಯವಾಗಿ 0.2 ವ್ಯಾಟ್. ಟವರಿನಿಂದ ದೂರದಲ್ಲಿ, ತೋಟದ ಮನೆಯಲ್ಲಿ ಇರುವವರ ಎಸ್‌ಆರ್‌ಎಸ್ ಟವರಿಗೆ ಸರಿಯಾಗಿ ಕೇಳಿಸುವುದೇ ಇಲ್ಲ. ಅಂಥ ಕಡೆ ಮತ್ತೆ ಕೋಡ್‌ಬುಕ್ ನಂಬರೇ ಗತಿ.

ವರದಿ ಹಳತಾದರೆ ಏನಾಗುತ್ತದೆ?

ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಒಮ್ಮೆ ತುಮಕೂರು ರಸ್ತೆಯಲ್ಲಿ ಅಳತೆಗೆ ಹೋಗಿದ್ದೆವು. ಫೋನಿಗೆ ಕೇಬಲ್ ಹಾಕಿ, ಲ್ಯಾಪ್‌ಟಾಪ್ ತೊಡೆ ಮೇಲೆ ಇಟ್ಟುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ನೆಲಮಂಗಲದ ಹತ್ತಿರ ಟೀ ಕುಡಿಯಲು ನಿಲ್ಲಿಸಿದಾಗ ಸಿಕ್ಯೂಐ ಗೆರೆ 11, 12ರಲ್ಲಿ ನೆಟ್ಟಗೆ ಹೋಗುತ್ತಿತ್ತು, ರ‍್ಯಾಂಕ್ 2. ನಮಗೂ ಟವರಿಗೂ ನಡುವೆ ಒಂದು ಲಾರಿ ಹಾದುಹೋಯಿತು. ಗೆರೆ 7ಕ್ಕೆ ಬಿದ್ದು, ಲಾರಿ ದಾಟಿದ ಮೇಲೆ ಮತ್ತೆ ಮೇಲೆ ಬಂತು. ಅದು ಪರವಾಗಿಲ್ಲ. ಕಾರು ಹೊರಟ ಮೇಲೆ ನೋಡಬೇಕಿತ್ತು. ಗೆರೆ 5ರಿಂದ 13ರ ನಡುವೆ ಕುಣಿಯತೊಡಗಿತು. ಪಿಎಂಐ ನಂಬರ್ ಪ್ರತಿ ವರದಿಗೂ ಬೇರೆ. ಸಿಗ್ನಲ್ ಬಲದ ಸರಾಸರಿ ನಿಂತಾಗ ಇದ್ದಷ್ಟೇ ಇತ್ತು, ಆದರೆ ಡೌನ್‌ಲೋಡ್ ವೇಗ ಅರ್ಧಕ್ಕಿಂತ ಕೆಳಗಿಳಿಯಿತು.

ಯಾಕೆ ಅಂತ ಲೆಕ್ಕ ಹೇಳುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ 10 ಮಿಲಿಸೆಕೆಂಡಿನಲ್ಲಿ 17 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 3.5 ಗಿಗಾಹರ್ಟ್ಜ್‌ನಲ್ಲಿ ಅದು ಎರಡು ಅಲೆಯ ಉದ್ದ. ಫೋನ್ ಅಳೆದು, ಲೆಕ್ಕ ಹಾಕಿ, ಕಳಿಸಿ, ಟವರ್ ಅದನ್ನು ಬಳಸುವ ಹೊತ್ತಿಗೆ ಫೋನ್ ಆ ಜಾಗದಲ್ಲೇ ಇಲ್ಲ. 700 ಮೆಗಾಹರ್ಟ್ಜ್‌ನಲ್ಲಿ ಅಲೆಯ ಉದ್ದ 43 ಸೆಂಟಿಮೀಟರ್. ಅಲ್ಲಿ ಅದೇ ವರದಿ ಐದು ಪಟ್ಟು ಹೊತ್ತು ಬಾಳುತ್ತದೆ.

ಇಂಥ ಕಡೆ ಟವರ್ ಪಿಎಂಐ ನಂಬುವುದನ್ನು ಬಿಟ್ಟು, ಪಿಎಂಐ ಬೇಡದ ಸರಳ ಕ್ರಮಕ್ಕೆ ಹೋಗುವುದೂ ಉಂಟು. 4ಜಿಯ ಟ್ರಾನ್ಸ್‌ಮಿಷನ್ ಮೋಡ್ 3 ಅಂಥದ್ದು. ಮೋಡ್ 4 ಪಿಎಂಐ ನಂಬಿ ನಡೆಯುವಂಥದ್ದು.

ಫೋನ್ ಹೇಳಿದ್ದನ್ನೆಲ್ಲ ಟವರ್ ನಂಬುತ್ತದಾ?

ಇಲ್ಲ, ತಾಳೆ ನೋಡುತ್ತದೆ. ಡೇಟಾ ತಲುಪಿತು, ತಲುಪಲಿಲ್ಲ ಅಂತ ಫೋನ್ ಪ್ರತಿ ಸಲವೂ ಹೇಳುತ್ತಲೇ ಇರುತ್ತದೆ. ಸಿಕ್ಯೂಐ 12 ಅಂದ ಫೋನಿಗೆ ಆ ವೇಗದಲ್ಲಿ ಕಳಿಸಿದ್ದು ಪದೇ ಪದೇ ಹಾಳಾದರೆ, ಟವರ್ ಮನಸ್ಸಿನಲ್ಲೇ ಅದನ್ನು 11 ಅಂದುಕೊಳ್ಳುತ್ತದೆ. ಎಲ್ಲವೂ ಸಲೀಸಾಗಿ ತಲುಪಿದರೆ ನಿಧಾನಕ್ಕೆ ಮೇಲಕ್ಕೆ ಏರಿಸುತ್ತದೆ. ಇದು ಒಳ್ಳೆಯ ಏರ್ಪಾಡು. ಫೋನಿನಿಂದ ಫೋನಿಗೆ ಅಳತೆಯಲ್ಲಿ ಇರುವ ಸಣ್ಣಪುಟ್ಟ ವ್ಯತ್ಯಾಸ ಇದರಲ್ಲೇ ಸರಿಹೋಗುತ್ತದೆ.

ಟೈಪ್ 1, ಟೈಪ್ 2 ಅಂದರೇನು?

5ಜಿಯ ಎರಡು ಬಗೆಯ ಕೋಡ್‌ಬುಕ್. 2018ರಲ್ಲಿ ಮುಗಿದ ರಿಲೀಸ್ 15ರಲ್ಲೇ ಎರಡೂ ಬಂದವು. ರಿಲೀಸ್ ಅಂದರೆ ಮೊಬೈಲ್ ಮಾನದಂಡದ ಒಂದೊಂದು ಆವೃತ್ತಿ. ಟೈಪ್ 1ರಲ್ಲಿ ಫೋನ್ 'ಈ ದಿಕ್ಕಿನ ಬೀಮ್ ನನಗೆ ಒಳ್ಳೆಯದು' ಅಂತ ಮಾತ್ರ ಹೇಳುತ್ತದೆ. ಟೈಪ್ 2ರಲ್ಲಿ 2, 3 ಅಥವಾ 4 ಬೀಮ್ ಆರಿಸಿ, ಯಾವುದು ಎಷ್ಟು ಪಾಲು, ಯಾವ ಫೇಸ್ ಅಂತ ಬಿಡಿಸಿ ಹೇಳುತ್ತದೆ. ಒಬ್ಬರಿಗೆ ಕಳಿಸಲು ಟೈಪ್ 1 ಸಾಕು. ಹಲವರಿಗೆ ಒಟ್ಟಿಗೆ ಕಳಿಸುವಾಗ ಪಕ್ಕದವರ ಹತ್ತಿರ ಕರಗಿಸಬೇಕಲ್ಲ, ಅದಕ್ಕೆ ಟೈಪ್ 2 ಬೇಕು. ಟೈಪ್ 1 ಎಲ್ಲ 5ಜಿ ಫೋನಿಗೂ ಕಡ್ಡಾಯ. ಟೈಪ್ 2 ಕಡ್ಡಾಯವಲ್ಲ.

ಟೈಪ್ 2 ವರದಿ ನೂರಾರು ಬಿಟ್ ಆಗುವುದರಿಂದ ಅದನ್ನು ಕುಗ್ಗಿಸುವ ಕೆಲಸ ನಡೆದೇ ಇದೆ. ಅಕ್ಕಪಕ್ಕದ ತರಂಗಾಂತರಗಳಲ್ಲಿ ಚಾನೆಲ್ ಒಂದಕ್ಕೊಂದು ಹೋಲುತ್ತದೆ, ಆ ಹೋಲಿಕೆ ಬಳಸಿ ರಿಲೀಸ್ 16 ವರದಿಯನ್ನು ಚಿಕ್ಕದು ಮಾಡಿತು. ಎಫ್‌ಡಿಡಿಯಲ್ಲೂ ಸಿಗ್ನಲ್ ಬರುವ ದಿಕ್ಕು ಮತ್ತು ತಡ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅದನ್ನು ಟವರ್ ತಾನೇ ತಿಳಿದುಕೊಂಡು, ಉಳಿದದ್ದನ್ನಷ್ಟೇ ಫೋನಿನಿಂದ ಕೇಳುವ ಕ್ರಮ ರಿಲೀಸ್ 17ರಲ್ಲಿ ಬಂತು. ಓಡುವ ಗಾಡಿಯಲ್ಲಿರುವ ಫೋನ್ 'ಚಾನೆಲ್ ಮುಂದೆ ಹೀಗೆ ಬದಲಾಗಬಹುದು' ಅಂತ ಹೇಳುವ ಅನುಕೂಲ ರಿಲೀಸ್ 18ರದು. ನನ್ನ ಮಟ್ಟಿಗೆ ಈ ಕೊನೆಯದೇ ದೊಡ್ಡ ಹೆಜ್ಜೆ. ನಮ್ಮ ಜನ ಫೋನ್ ಬಳಸುವುದು ಬಸ್ಸಿನಲ್ಲಿ, ರೈಲಿನಲ್ಲಿ, ಮೆಟ್ರೋದಲ್ಲಿ.

ಎಐ ಇದರಲ್ಲಿ ಏನು ಮಾಡುತ್ತದೆ?

ಫೋನಿನಲ್ಲಿ ಒಂದು ನ್ಯೂರಲ್ ನೆಟ್‌ವರ್ಕ್ ಚಾನೆಲ್ಲನ್ನು ಚಿಕ್ಕ ಕೋಡ್ ಆಗಿ ಕುಗ್ಗಿಸುತ್ತದೆ, ಟವರಿನಲ್ಲಿ ಇನ್ನೊಂದು ಅದನ್ನು ಮತ್ತೆ ಹಿಗ್ಗಿಸುತ್ತದೆ. ಫೋಟೋ ಕುಗ್ಗಿಸುವ ಹಾಗೆಯೇ. ರಿಲೀಸ್ 18ರಲ್ಲಿ ಇದರ ಅಧ್ಯಯನ ನಡೆಯಿತು. ಕಷ್ಟ ಇರುವುದು ಒಪ್ಪಂದದಲ್ಲಿ. ಫೋನಿನ ಚಿಪ್ ಒಬ್ಬರದು, ಟವರಿನ ಉಪಕರಣ ಇನ್ನೊಬ್ಬರದು. ಎರಡೂ ಕಡೆಯ ನೆಟ್‌ವರ್ಕ್‌ಗಳು ಒಂದಕ್ಕೊಂದು ಹೊಂದುವಂತೆ ಕಲಿಸಬೇಕು.

ವರದಿ ಕಳಿಸಿ ಕಳಿಸಿ ನನ್ನ ಬ್ಯಾಟರಿ ಖಾಲಿಯಾಗುತ್ತದಾ?

ಡೇಟಾ ಓಡುವಾಗ ಮಾತ್ರ ಈ ವರದಿ ಪದೇ ಪದೇ ಹೋಗುತ್ತದೆ. ಫೋನ್ ಸುಮ್ನೆ ಜೇಬಿನಲ್ಲಿದ್ದಾಗ ಹೋಗುವುದಿಲ್ಲ. ಪರದೆ ತಿನ್ನುವ ಬ್ಯಾಟರಿ ಮುಂದೆ ಇದು ಏನೇನೂ ಅಲ್ಲ.

ಸಿಗ್ನಲ್ ಕಡ್ಡಿ ಪೂರ್ತಿ ಇದ್ದರೂ ನೆಟ್ ಯಾಕೆ ನಿಧಾನ?

ಕಡ್ಡಿ ತೋರಿಸುವುದು ಬಲವನ್ನು. ವೇಗ ನಿಂತಿರುವುದು ಬಲಕ್ಕೂ ಗದ್ದಲಕ್ಕೂ ಇರುವ ಅನುಪಾತದ ಮೇಲೆ. ಎರಡು ಟವರ್ ಸಮನಾಗಿ ಕೇಳಿಸುವ ಜಾಗದಲ್ಲಿ ಕಡ್ಡಿ ಪೂರ್ತಿ ಇರುತ್ತದೆ, ಸಿಕ್ಯೂಐ ಮಾತ್ರ 4 ಅಥವಾ 5. ಇನ್ನು ಆ ಟವರಿನಲ್ಲಿ ಜನ ಜಾಸ್ತಿ ಇದ್ದರೆ ನಿಮ್ಮ ಸರದಿಯೇ ತಡವಾಗಿ ಬರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ನೆಟ್‌ವರ್ಕ್ ವಿವರ ತೋರಿಸುವ ಉಚಿತ ಆ್ಯಪ್‌ಗಳಿವೆ. ಕೆಲವು ಫೋನ್‌ಗಳಲ್ಲಿ ಅವು ಸಿಕ್ಯೂಐ ಕೂಡ ತೋರಿಸುತ್ತವೆ. ಮನೆಯ ಒಳಗಿಂದ ಕಿಟಕಿ ತನಕ ನಡೆದು ಆ ಅಂಕಿ ನೋಡಿ.

ಇದನ್ನು ನಾನೇ ಮಾಡಿ ನೋಡಬೇಕು. ಎಲ್ಲಿಂದ ಶುರು ಮಾಡಲಿ?

ಪೈಥಾನ್ ಅಥವಾ ಆಕ್ಟೇವ್ ಇದ್ದರೆ ಇಪ್ಪತ್ತು ಸಾಲಿನಲ್ಲಿ ಆಗುತ್ತದೆ. ಟವರಿನಲ್ಲಿ 4 ಆಂಟೆನಾ, ಫೋನಿನಲ್ಲಿ 1. ನಾಲ್ಕು ಯಾದೃಚ್ಛಿಕ ಸಂಕೀರ್ಣ ಸಂಖ್ಯೆ ತೆಗೆದುಕೊಳ್ಳಿ, ಒಂದೊಂದರ ಸರಾಸರಿ ಬಲ 1 ಇರಲಿ. ಅದೇ ಚಾನೆಲ್. ಕೋಡ್‌ಬುಕ್‌ಗೆ 1 ಉದ್ದದ 16 ಯಾದೃಚ್ಛಿಕ ವೆಕ್ಟರ್ ಮಾಡಿ. ಯಾವುದರಿಂದ ಹೆಚ್ಚು ಬಲ ಬರುತ್ತದೋ ಅದನ್ನು ಆರಿಸಿ. ಪ್ರತಿ ಸಲ ಹೊಸ ಚಾನೆಲ್, ಹೊಸ ಕೋಡ್‌ಬುಕ್ ತೆಗೆದುಕೊಂಡು ಹತ್ತು ಸಾವಿರ ಸಲ ಮಾಡಿ ಸರಾಸರಿ ನೋಡಿ. ಫೀಡ್‌ಬ್ಯಾಕ್ ಇಲ್ಲದಿದ್ದರೆ 1 ಬರುತ್ತದೆ. 2 ಬಿಟ್ (4 ವೆಕ್ಟರ್) ಕೊಟ್ಟರೆ ಸುಮಾರು 1.9, 4 ಬಿಟ್‌ಗೆ (16 ವೆಕ್ಟರ್) 2.6, 6 ಬಿಟ್‌ಗೆ (64 ವೆಕ್ಟರ್) 3.1. ಚಾನೆಲ್ ಪೂರ್ತಿ ಗೊತ್ತಿದ್ದರೆ 4. ಮೊದಲ ಎರಡು ಮೂರು ಬಿಟ್‌ಗಳೇ ಎಷ್ಟೊಂದು ಕೊಡುತ್ತವೆ ನೋಡಿ.

ಆಮೇಲೆ ವರದಿಯನ್ನು ಹಳತು ಮಾಡಿ. ವೆಕ್ಟರ್ ಆರಿಸಿದ ಮೇಲೆ ಚಾನೆಲ್‌ನ ಅರ್ಧ ಬಲ ಹಳೆಯದರಿಂದ, ಅರ್ಧ ಬಲ ಹೊಸ ಯಾದೃಚ್ಛಿಕ ಸಂಖ್ಯೆಯಿಂದ ಬರುವಂತೆ ಬದಲಿಸಿ, ಆರಿಸಿದ ಅದೇ ವೆಕ್ಟರ್‌ನಿಂದ ಮತ್ತೆ ಅಳೆಯಿರಿ. 6 ಬಿಟ್ ವರದಿಯ 3.1 ಈಗ ಸುಮಾರು 2.1ಕ್ಕೆ ಇಳಿಯುತ್ತದೆ. ಬಿಸಿಬಿಸಿ 4 ಬಿಟ್ ವರದಿಗಿಂತ ಕಡಿಮೆ, ಬಿಸಿಬಿಸಿ 2 ಬಿಟ್ ವರದಿಗಿಂತ ಒಂಚೂರು ಹೆಚ್ಚು. ಸುತ್ತ ಎಲ್ಲ ದಿಕ್ಕಿನಿಂದಲೂ ಸಿಗ್ನಲ್ ಬರುವ ಪೇಟೆಯ ಬೀದಿಯಲ್ಲಿ, 3.5 ಗಿಗಾಹರ್ಟ್ಜ್‌ನಲ್ಲಿ, ಗಂಟೆಗೆ 3 ಕಿಲೋಮೀಟರ್‌ನಂತೆ ನಡೆಯುವವರ ಚಾನೆಲ್ ಇಷ್ಟು ಹಳತಾಗಲು ಸುಮಾರು 18 ಮಿಲಿಸೆಕೆಂಡ್ ಹಿಡಿಯುತ್ತದೆ. 60 ಕಿಲೋಮೀಟರ್ ವೇಗದ ಬಸ್ಸಿನಲ್ಲಿ ಕೂತವರಿಗೆ 1 ಮಿಲಿಸೆಕೆಂಡೂ ಬೇಡ.